ಕಾಂಪ್ಯಾಕ್ಟ್ ಕ್ಯಾಮೆರಾ ಕೊಳ್ಳುವ ಹೊಸಬರಿಗೆ: ವ್ಯೂಫೈಂಡರ್ ಇರುವುದನ್ನೇ ತಗೊಳ್ಳಿ

ನಾನು ಕೊಂಡಿದ್ದು ಸೋನಿ ಆರ್‌ಎಕ್ಸ್100 ಮಾರ್ಕ್ 3, ಅದೂ ಸೆಕೆಂಡ್ ಹ್ಯಾಂಡ್. 2014ರ ಮಾಡೆಲ್. ಟಚ್ ಸ್ಕ್ರೀನ್ ಕೂಡ ಇಲ್ಲ. ಆದರೂ ಫೋಟೊ ತೆಗೆಯೋದು ಈಗಷ್ಟೇ ಕಲಿಯುತ್ತಿರುವವರು ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ. ಕಾರಣ ಇದರ ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಪುಟ್ಟ ಕಿಂಡಿ. ಇದರ ಜೊತೆಗೆ ನಾನು ಬಳಸಿ ನೋಡಿದ್ದು ಎರಡು: ಭಾವನ ಕ್ಯಾನನ್ ಜಿ7 ಎಕ್ಸ್ ಮಾರ್ಕ್ 2, ಗೆಳೆಯನ ರಿಕೋ ಜಿಆರ್ 3. ಎರಡೂ ಒಳ್ಳೆಯ ಕ್ಯಾಮೆರಾಗಳೇ. ನನಗೆ ಆಗಿಬರಲಿಲ್ಲ, ಅಷ್ಟೇ.

ಯಾಕೆ ಅಂದರೆ, ನಾನು ಜಾಸ್ತಿ ತೆಗೆಯೋದು ಹಳೆಯ ದೇವಸ್ಥಾನಗಳ ಕೆತ್ತನೆ. ರಜೆ ಸಿಕ್ಕಿದಾಗ ಹೋಗುವುದು, ಹಾಗಾಗಿ ಬೆಳಗಿನ ಎಳೆ ಬಿಸಿಲಿಗೇ ಕಾಯುವ ಹಾಗಿಲ್ಲ. ಬೇಲೂರು ತಲುಪುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬಂದಿರುತ್ತಾನೆ.

ಚೆನ್ನಕೇಶವ ದೇವಸ್ಥಾನದ ಮದನಿಕೆಯರು ಇರುವುದು ಮೇಲೆ, ಸೂರಿನ ಕೆಳಗೆ. ಕತ್ತೆತ್ತಿ ನೋಡಬೇಕು. ಭಾವನ ಕ್ಯಾನನ್ ಹಿಡಿದು ಅಂಗಳದಲ್ಲಿ ನಿಂತರೆ ಸ್ಕ್ರೀನ್‌ನಲ್ಲಿ ಮೊದಲು ಕಾಣೋದು ನನ್ನದೇ ಮುಖ, ಆಮೇಲೆ ನನ್ನ ಶರ್ಟು. ಇದಕ್ಕೆ ವ್ಯೂಫೈಂಡರ್ ಇಲ್ಲ. ರಿಕೋಗೂ ಇಲ್ಲ. ಸ್ಕ್ರೀನ್‌ನ ಬೆಳಕನ್ನು ಪೂರ್ತಿ ಏರಿಸಿದರೂ ಬಿಸಿಲಿನ ಮುಂದೆ ಅದು ಎಲ್ಲಿ ಸಾಲುತ್ತದೆ? ಸ್ಕ್ರೀನ್‌ಗೆ ಕೈ ಅಡ್ಡ ಹಿಡಿಯೋಣ ಅಂದರೆ ಕ್ಯಾಮೆರಾ ಒಂದೇ ಕೈಯಲ್ಲಿ ಅಲ್ಲಾಡುತ್ತದೆ. ಕಾಲಕೆಳಗಿನ ಕಲ್ಲು ಬೇರೆ ಸುಡುತ್ತಿರುತ್ತದೆ, ಚಪ್ಪಲಿ ಹೊರಗೆ ಬಿಟ್ಟಿರುತ್ತೇವೆ. ನಿಧಾನಕ್ಕೆ ನಿಂತು ಸರಿಮಾಡಿಕೊಳ್ಳುವ ಜಾಗ ಅಲ್ಲ ಅದು.

ಚೌಕಟ್ಟು ಕೂಡಿಸೋದು ಹೇಗೋ ಅಂದಾಜಲ್ಲಿ ಆಗುತ್ತದೆ. ಕೈಕೊಡುವುದು ಬೆಳಕಿನ ಪ್ರಮಾಣ, ಅಂದರೆ ಎಕ್ಸ್‌ಪೋಷರ್. ಮದನಿಕೆ ಕಪ್ಪು ಬಳಪದ ಕಲ್ಲು, ಪಕ್ಕದಲ್ಲೇ ಬೆಳ್ಳಗಿನ ಆಕಾಶ. ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ಆಕಾಶವನ್ನು ಉಳಿಸಲು ಹೋಗಿ ಶಿಲ್ಪವನ್ನು ಕಪ್ಪು ಮುದ್ದೆ ಮಾಡುತ್ತದೆ. ಅದಕ್ಕೇ ಡಯಲ್ ತಿರುಗಿಸಿ ಬೆಳಕನ್ನು ಪ್ಲಸ್ ಒಂದಕ್ಕೆ ಏರಿಸಬೇಕು. ಆದರೆ ಬಿಸಿಲಲ್ಲಿ ಸ್ಕ್ರೀನ್ ಮಂಕಾಗಿ ಕಾಣುತ್ತದಲ್ವಾ, ಸಾಲದು ಅಂದುಕೊಂಡು ಎರಡಕ್ಕೆ ಏರಿಸುತ್ತೇವೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಆಕಾಶ ಖಾಲಿ ಕಾಗದ. ಬಿಸಿಲು ಬಿದ್ದ ಕಡೆ ಕೊರಳ ಹಾರದ ಮಣಿಗಳು ಒಂದಕ್ಕೊಂದು ಅಂಟಿಕೊಂಡು ಬಿಳಿ ಪಟ್ಟಿ ಆಗಿರುತ್ತವೆ. ಹಿಸ್ಟೊಗ್ರಾಮ್ (ಫೋಟೊದ ಬೆಳಕು-ಕತ್ತಲೆ ತೋರಿಸುವ ನಕ್ಷೆ) ನೋಡಿ ಅಂತಾರೆ ಬಲ್ಲವರು. ಸರಿ, ಆದರೆ ಅದನ್ನೂ ಅದೇ ಸ್ಕ್ರೀನ್‌ನಲ್ಲೇ ನೋಡಬೇಕು.

ಸೋನಿಯಲ್ಲಿ ಪಕ್ಕದ ಗುಂಡಿ ಸರಿಸಿದರೆ ಪುಟ್ಟ ವ್ಯೂಫೈಂಡರ್ ಮೇಲೇಳುತ್ತದೆ, ಕ್ಯಾಮೆರಾನೂ ಆನ್ ಆಗುತ್ತದೆ. ಹಿಂಭಾಗವನ್ನು ಬೆರಳಿನಿಂದ ಎಳೆದು ಕಣ್ಣಿಟ್ಟರೆ ಸುತ್ತಲ ಬಿಸಿಲಿನ ಕಾಟ ಮುಗಿಯಿತು. ಪ್ಲಸ್ ಒಂದಕ್ಕೂ ಎರಡಕ್ಕೂ ಏನು ವ್ಯತ್ಯಾಸ ಅಂತ ಅಲ್ಲೇ ಕಾಣುತ್ತದೆ. ಕಲಿಯುವವರಿಗೆ ಇದೇ ದೊಡ್ಡ ಲಾಭ: ಡಯಲ್ ತಿರುಗಿಸಿದ್ದಕ್ಕೆ ಏನಾಯಿತು ಅಂತ ಆ ಕ್ಷಣವೇ ಗೊತ್ತಾಗಬೇಕು, ಸಂಜೆ ಮನೆಯಲ್ಲಿ ಅಲ್ಲ. ಕನ್ನಡಕದ ನಂಬರಿಗೆ ಹೊಂದಿಸಿಕೊಳ್ಳಲು ಮೇಲೊಂದು ಸಣ್ಣ ಕಡ್ಡಿಯೂ ಇದೆ. ನನ್ನಂಥ ಕನ್ನಡಕದವರಿಗೆ ಅದು ಬೇಕೇ ಬೇಕು.

ಇನ್ನೊಂದು ಉಪಯೋಗ ಒಳಗೆ ನವರಂಗಕ್ಕೆ ಹೋದಾಗ ತಿಳಿಯುತ್ತದೆ. ಅಲ್ಲಿ ಕತ್ತಲು. ಅನುಮತಿ ಇಲ್ಲದೆ ಟ್ರೈಪಾಡ್ ಇಡುವಂತಿಲ್ಲ. ಎರಡು ಕೈ ಜೊತೆಗೆ ಹಣೆಯೂ ಕ್ಯಾಮೆರಾಗೆ ಆನಿಕೊಂಡರೆ, ಶಟರ್ ನಿಧಾನ ಇದ್ದರೂ ಕಂಬದ ಸಣ್ಣ ಕೆತ್ತನೆ ಅಲುಗದೆ ಬರುತ್ತದೆ.

ಕ್ಯಾನನ್ ಎಲ್ಲಿ ಮುಂದಿದೆ ಅಂತಲೂ ಹೇಳಬೇಕು. ಜೂಮ್ 100 ಎಂಎಂವರೆಗೆ ಹೋಗುತ್ತದೆ, ಎಂಎಂ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಅಲ್ಲೂ ಎಫ್ 2.8 ಸಿಗುತ್ತದೆ, ಅಂದರೆ ಲೆನ್ಸ್ ಅಗಲವಾಗಿ ತೆರೆದು ಬೆಳಕು ಚೆನ್ನಾಗಿ ಬರುತ್ತದೆ. ಸೋನಿ 70ಕ್ಕೇ ನಿಲ್ಲುತ್ತದೆ. ಮೇಲಿರುವ ಮದನಿಕೆಗೆ ಆ 30 ಎಂಎಂ ನಿಜಕ್ಕೂ ಬೇಕಿತ್ತು. ಲೆನ್ಸ್ ಸುತ್ತಲಿನ ರಿಂಗ್ ಕಟಕಟ ಅಂತ ತಿರುಗುವುದೂ ಹಿತ. ಬೇಡವಾದರೆ ಆ ಕಟಕಟ ನಿಲ್ಲಿಸಲೂಬಹುದು. ಮನೆ ಮಕ್ಕಳು, ನಾಮಕರಣ, ಗೃಹಪ್ರವೇಶ ಇಂಥವೇ ಜಾಸ್ತಿ ತೆಗೆಯೋದಾದರೆ ಕಣ್ಣು ಮುಚ್ಚಿ ಅದನ್ನೇ ಕೊಳ್ಳಿ.

ರಿಕೋ ಚಿತ್ರದ ಗುಣಮಟ್ಟದಲ್ಲಿ ಎರಡನ್ನೂ ಹಿಂದೆ ಹಾಕುತ್ತದೆ. ಅದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಫಲಕ, ಇವೆರಡರದ್ದಕ್ಕಿಂತ ಸುಮಾರು ಮೂರು ಪಟ್ಟು ದೊಡ್ಡದು. ಆದರೂ ಅಂಗಿ ಜೇಬಿಗೆ ಹಿಡಿಸುತ್ತದೆ. ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನವರ ಸಾಲಲ್ಲಿ ನಡೆಯುತ್ತಲೇ ತೆಗೆಯೋಕೆ ಅದರಂಥದ್ದು ಇನ್ನೊಂದಿಲ್ಲ. ದೂರವನ್ನು ಮೊದಲೇ ಹೊಂದಿಸಿಟ್ಟು ಗುಂಡಿ ಒತ್ತುವುದಷ್ಟೇ. ಆದರೆ ಜೂಮ್ ಇಲ್ಲ, 28 ಎಂಎಂ ಒಂದೇ. ಮದನಿಕೆ ಹೆಬ್ಬೆರಳಷ್ಟು ಬರುತ್ತಾಳೆ. ಒಂದು ಚಾರ್ಜಿಗೆ ಕಂಪನಿ ಹೇಳುವುದೇ 200 ಫೋಟೊ, ಹಾಗಾಗಿ ಇನ್ನೊಂದು ಬ್ಯಾಟರಿ ಜೊತೆಗಿರಲೇಬೇಕು. ಬೆಲೆ ನನ್ನ 30 ಸಾವಿರದ ಬಜೆಟ್ಟಿನ ಎರಡು ಪಟ್ಟಿಗೂ ಜಾಸ್ತಿ.

ರಾ ಫೈಲ್ (ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಲು ಅನುಕೂಲವಾದದ್ದು), ಎನ್‌ಡಿ ಫಿಲ್ಟರ್ (ಒಳಗೆ ಬರುವ ಬೆಳಕನ್ನು ತಗ್ಗಿಸುವುದು) ಮೂರರಲ್ಲೂ ಇವೆ.

ಸೋನಿಯಲ್ಲಿ ಒಂದಕ್ಕೆ ಒಗ್ಗಿಕೊಳ್ಳಬೇಕು: ವ್ಯೂಫೈಂಡರ್ ಒಳಗೆ ತಳ್ಳಿದರೆ ಕ್ಯಾಮೆರಾ ಆಫ್ ಆಗುತ್ತದೆ. ನಾನು ಈಗ ದಿನವಿಡೀ ತೆರೆದೇ ಇಟ್ಟಿರುತ್ತೇನೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕ್ಯಾಮೆರಾ ಕೈಗೆ ತೆಗೆದುಕೊಂಡೇ ನೋಡಿ, ಬರೀ ಫೋಟೊ ನೋಡಿ ದುಡ್ಡು ಕಳಿಸಬೇಡಿ. ಲೆನ್ಸ್ ಹೊರಗೆ ಬರುವಾಗ ಕರಕರ ಸದ್ದು ಇರಬಾರದು. ಬಿಳಿ ಗೋಡೆಯನ್ನು ಎಫ್ 11ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಕಿರಿದು ಮಾಡಿ, ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕೆ ಕಂಡರೆ ಒಳಗೆ ಧೂಳು ಹೋಗಿದೆ ಅಂತಲೇ ಅರ್ಥ. ಲೆನ್ಸ್ ಬಿಚ್ಚುವ ಹಾಗಿಲ್ಲವಾದ್ದರಿಂದ ಅದನ್ನು ಮನೆಯಲ್ಲಿ ತೆಗೆಯಲು ಆಗುವುದಿಲ್ಲ. ವ್ಯೂಫೈಂಡರನ್ನು ನಾಲ್ಕೈದು ಸಲ ಏಳಿಸಿ ಇಳಿಸಿ ನೋಡಿ, ಆಮೇಲೆ ಅಂಗಡಿಯಿಂದ ಹೊರಗೆ ಬಿಸಿಲಿಗೆ ತಂದು ಕಣ್ಣಿಟ್ಟು ನೋಡಿ.