ಬೂಷ್ಟು ತೆಗೆಯುವ ತರಬೇತಿ, ಕಲಬುರಗಿ: ಎರಡನೇ ದಿನಕ್ಕಾಗಿಯಾದರೂ ಹೋಗಬಹುದು

ಗೋಡೆಯ ಬೂಷ್ಟು ತೆಗೆಯೋದಕ್ಕೂ ತರಬೇತಿ ಬೇಕಾ ಎಂದು ಕಲಬುರಗಿಯ ಗೌಂಡಿಗಳು ನಗಬಹುದು. ಇಲ್ಲಿನ ರೂಢಿ ಎಲ್ಲರಿಗೂ ಗೊತ್ತು: ಪೇಂಟರ್ ಬಂದು ಒಣ ಸ್ಯಾಂಡ್ ಪೇಪರ್‌ನಿಂದ ಕರಿ ಕಲೆ ಉಜ್ಜುತ್ತಾನೆ, ಪುಟ್ಟಿ ಬಳಿಯುತ್ತಾನೆ, ಎರಡು ಕೋಟ್ ಹೊಡೆದು ಹೋಗುತ್ತಾನೆ. ಮುಂದಿನ ಶ್ರಾವಣಕ್ಕೆ ಕಲೆ ಅದೇ ಜಾಗದಲ್ಲಿ ಹಾಜರ್. ಒಣಗಿದ ಬೂಷ್ಟನ್ನು ಉಜ್ಜಿದಾಗ ಅದರ ಬೀಜಕಣಗಳು ಮನೆಯೆಲ್ಲ ಹರಡುತ್ತವೆ, ಗೋಡೆಯೊಳಗಿನ ನೀರು ಮಾತ್ರ ಇದ್ದಲ್ಲೇ ಇರುತ್ತದೆ. ಮೂರು ದಿನದ ಈ ತರಬೇತಿ ಮೊದಲನೆಯದಕ್ಕೆ ಚೆನ್ನಾಗಿ ಮದ್ದು ಹೇಳುತ್ತದೆ, ಎರಡನೆಯದಕ್ಕೆ ಅರ್ಧಂಬರ್ಧ.

ಪಾಠದ ಬೆನ್ನೆಲುಬು ಅಮೆರಿಕದ ಐಐಸಿಆರ್‌ಸಿ ಸಂಸ್ಥೆ ಬೂಷ್ಟು ತೆಗೆಯುವ ಕೆಲಸಕ್ಕೆಂದೇ ರೂಪಿಸಿದ ಎಸ್520 ಮಾನದಂಡ, 2003ರಲ್ಲಿ ಮೊದಲ ಸಲ ಪ್ರಕಟವಾದದ್ದು. ಅದರ ಮುಖ್ಯ ಮಾತು ಬೂಷ್ಟನ್ನು ಔಷಧಿ ಹೊಡೆದು ಸಾಯಿಸಿದರೆ ಸಾಲದು, ತೆಗೆದು ಹೊರಗೆ ಹಾಕಬೇಕು ಎಂಬುದು. ಸತ್ತ ಬೂಷ್ಟು ಕೂಡ ಅಲರ್ಜಿ ಮಾಡುತ್ತದೆ. ಬ್ಲೀಚ್ ಹೊಡೆದರೆ ಬಣ್ಣ ಹೋಗುತ್ತದೆ, ಆದರೆ ಅದರಲ್ಲಿ ಬಹುಪಾಲು ನೀರೇ ಇರುವುದರಿಂದ ಪ್ಲಾಸ್ಟರ್ ಮತ್ತಷ್ಟು ನೀರು ಕುಡಿಯುತ್ತದೆ. ಅದರ ಮೇಲೆ ಟಾಯ್ಲೆಟ್ ಆಸಿಡ್ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಬಾತ್‌ರೂಮಿನಲ್ಲಿ ಇದು ಪ್ರಾಣಕ್ಕೇ ಬರಬಹುದು. ಇದನ್ನು ತರಬೇತುದಾರರು ಮೂರು ಸಲ ಹೇಳಿದರು, ಹೇಳಬೇಕಾದ್ದೇ.

ಮೊದಲ ದಿನ ತೇವ ಅಳೆಯುವ ಪಾಠ. ಎರಡು ಮುಳ್ಳಿನ ಮೀಟರ್ ಕೈಗೆ ಕೊಡುತ್ತಾರೆ. ಅದರ ಅಂಕಿ ಕಟ್ಟಿಗೆಗೆ ಹೊಂದಿಸಿದ್ದು, ಗೋಡೆಯಲ್ಲಿ ಅದನ್ನು ಶೇಕಡಾ ಲೆಕ್ಕವೆಂದು ಓದಬಾರದು, ಒಣ ಗೋಡೆಯ ಅಂಕಿಯ ಜೊತೆ ಹೋಲಿಸಿ ನೋಡಬೇಕು ಎಂದು ಸ್ಪಷ್ಟವಾಗಿ ಹೇಳಿದರು. ಹೇಳದೆ ಬಿಟ್ಟದ್ದು ಉಪ್ಪಿನ ವಿಷಯ. ನಮ್ಮ ಕಡೆ ಗೋಡೆಯ ಬುಡದಲ್ಲಿ ಬಿಳಿ ಪುಡಿ ಏಳುವುದು ಸಾಮಾನ್ಯ. ಉಪ್ಪಿದ್ದ ಕಡೆ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಒಣಗಿದ ಗೋಡೆಯಲ್ಲೂ ಮೀಟರ್ ಜೋರಾಗಿ ಕೂಗುತ್ತದೆ. ಆ ಬಿಳಿಯದು ಉಪ್ಪೋ ಬೂಷ್ಟೋ ಎಂದು ತಿಳಿಯಲು ಮೀಟರೇ ಬೇಕಿಲ್ಲ. ಒಂದಿಷ್ಟು ನೀರು ಚಿಮುಕಿಸಿ: ಉಪ್ಪು ಕರಗಿ ಮಾಯವಾಗುತ್ತದೆ, ಬೂಷ್ಟು ಬೆರಳಿಗೆ ಮೆತ್ತುತ್ತದೆ. ಹತ್ತು ಪೈಸೆ ಖರ್ಚಿಲ್ಲದ ಈ ಪರೀಕ್ಷೆ ಇಲ್ಲಿನ ಪಾಠದಲ್ಲಿ ಇರಲೇಬೇಕಿತ್ತು.

ಎರಡನೇ ದಿನಕ್ಕೆ ಪೂರ್ತಿ ಅಂಕ. ಖೋಲಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಕಟ್ಟಿ, ಒಳಗಿನ ಗಾಳಿಯನ್ನು ಹೊರಗೆಳೆದು, ಕೆಲಸದ ಧೂಳು ಪಡಸಾಲೆಗೆ ಬರದಂತೆ ತಡೆಯುವುದು ಹೇಗೆ ಎಂದು ಕೈಯಾರೆ ಮಾಡಿಸುತ್ತಾರೆ. ಹಾಳೆ 150 ಮೈಕ್ರಾನ್ ಇರಬೇಕು. ಅಂಗಡಿಯಲ್ಲಿ ಗೇಜ್ ಲೆಕ್ಕದಲ್ಲಿ ಮಾರುವುದರಿಂದ 600 ಗೇಜ್ ಎಂದು ಕೇಳಿ. ಲೆಕ್ಕವನ್ನೂ ಹಲಗೆಯ ಮೇಲೆ ಬರೆದು ತೋರಿಸಿದರು: 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಖೋಲಿ ಎಂದರೆ 1200 ಘನ ಅಡಿ. ಗಾಳಿ ಗಂಟೆಗೆ 4 ಸಲ ಬದಲಾಗಬೇಕಾದರೆ 4800 ಘನ ಅಡಿ, ಅಂದರೆ ನಿಮಿಷಕ್ಕೆ 80. ಮಷಿನ್ ಮೇಲೆ ಬರೆದ ಅಂಕಿ ಹೊಸ ಫಿಲ್ಟರಿನದು. ಧೂಳು ತುಂಬಿದಂತೆ ಎಳೆತ ಇಳಿಯುವುದರಿಂದ ದುಪ್ಪಟ್ಟು ಸಾಮರ್ಥ್ಯದ ಮಷಿನ್ ಇಟ್ಟುಕೊಳ್ಳುವುದೇ ಸರಿ. ಫಿಲ್ಟರ್ ಹೆಪಾ ದರ್ಜೆಯದೇ ಆಗಿರಬೇಕು, 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ನ್ನು ಹಿಡಿಯುವಂಥದ್ದು. ಮನೆಯ ವ್ಯಾಕ್ಯೂಮ್ ಕ್ಲೀನರ್ ಹಾಕಿದರೆ ಅದು ಹಿಂದಿನಿಂದ ಬೀಜಕಣಗಳನ್ನೇ ಊದುತ್ತದೆ.

ಎಳೆತ ಸರಿಯಿದೆಯೇ ಎಂದು ನೋಡಲು ಊದಿನಕಡ್ಡಿ ಸಾಕು. ಹಾಳೆಯಿಂದ ಗೇಣು ದೂರ ಹಿಡಿದಾಗ ಹೊಗೆ ಸೀಳಿನ ಕಡೆ ಬಾಗಿ ಒಳಗೆ ಹೋಗಬೇಕು, ಹಾಳೆ ಒಳಮುಖವಾಗಿ ಉಬ್ಬಬೇಕು. ಹೊರಗೆ ಉಬ್ಬಿದರೆ ಕೆಲಸ ನಿಲ್ಲಿಸಿ, ಫ್ಯಾನ್ ಉಲ್ಟಾ ಹಾಕಿರುತ್ತೀರಿ ಅಥವಾ ಎಲ್ಲೋ ಕಿಟಕಿ ತೆರೆದಿರುತ್ತದೆ. ಇಲ್ಲಿ ಕೆಡುವುದು ಇನ್ನೊಂದಿದೆ: ಸುಣ್ಣ ಅಥವಾ ಹಳೇ ಡಿಸ್ಟೆಂಪರ್ ಗೋಡೆಗೆ ಟೇಪ್ ಹಿಡಿಯುವುದಿಲ್ಲ, ಪುಡಿ ಸಮೇತ ಕಿತ್ತು ಬರುತ್ತದೆ. ತರಬೇತಿ ನಡೆದ ಎಮಲ್ಷನ್ ಗೋಡೆಯಲ್ಲಿ ಟೇಪ್ ಚೆನ್ನಾಗಿ ಹಿಡಿದಿತ್ತು. ನಮ್ಮ ಮನೆಗಳಲ್ಲಿ ನೆಲದಿಂದ ಮಾಳಿಗೆವರೆಗೆ ಕಂಬ ಕೊಟ್ಟು, ಕಟ್ಟಿಗೆ ಪಟ್ಟಿಯಿಂದ ಹಾಳೆ ಒತ್ತಿ ಹಿಡಿಸಬೇಕು.

ತೆಗೆಯುವ ಕ್ರಮವನ್ನು ಚೊಕ್ಕವಾಗಿ ಕಲಿಸಿದರು. ಮೊದಲು ಸ್ಪ್ರೇಯಿಂದ ತೆಳುವಾಗಿ ತೋಯಿಸು, ನಂತರ ಸಡಿಲ ಪುಟ್ಟಿ ಕೆರೆದು ಚೀಲಕ್ಕೆ ಹಾಕು, ಚೀಲದ ಬಾಯಿ ಒಳಗೇ ಕಟ್ಟು, ಹೆಪಾ ವ್ಯಾಕ್ಯೂಮ್ ಹಿಡಿ, ಸೋಪಿನ ನೀರಿನಲ್ಲಿ ಒರೆಸು, ಒಣಗಿಸು, ಮತ್ತೆ ವ್ಯಾಕ್ಯೂಮ್. ಹೆಚ್ಚು ತೋಯಿಸಿದರೆ ರಾಡಿ ಇಳಿದು ಕೆಳಗಿನ ಚೊಕ್ಕ ಗೋಡೆಗೂ ಮೆತ್ತುತ್ತದೆ. ಜಿಪ್ಸಮ್ ಬೋರ್ಡಿನ ಫಾಲ್ಸ್ ಸೀಲಿಂಗ್ ಆದರೆ ಒರೆಸುವ ಗೋಜೇ ಬೇಡ, ಮೇಲಿನ ಕಾಗದವೇ ಬೂಷ್ಟಿಗೆ ಊಟ. ಕಂಡ ಕಲೆಯ ಆಚೆಗೂ ಒಂದೆರಡು ಅಡಿ ಸೇರಿಸಿ ಕತ್ತರಿಸಿ ತೆಗೆಯಬೇಕು. ಸುಮಾರು 10 ಚದರ ಅಡಿಯೊಳಗಿನ ಕಲೆಯಾದರೆ ಇಷ್ಟೆಲ್ಲ ಕಟ್ಟುವ ಅಗತ್ಯವಿಲ್ಲ. ಎನ್95, ಕೈಗವಸು, ಕನ್ನಡಕ ಹಾಕಿಕೊಂಡು ಮನೆಯವರೇ ಮಾಡಬಹುದು. ಮಾಸ್ಕ್ ಬಗ್ಗೆ ಎರಡು ಮಾತು: ಗಡ್ಡ ಇದ್ದರೆ ಅಂಚು ಕೂರುವುದಿಲ್ಲ, ಮತ್ತು ಎನ್95 ಕಣ ಹಿಡಿಯುತ್ತದೆಯೇ ಹೊರತು ಬ್ಲೀಚಿನ ಘಾಟು ಹಿಡಿಯುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಮೈತುಂಬ ಸೂಟ್ ಹಾಕಿ ಎಷ್ಟು ಹೊತ್ತು ಕೆಲಸ ಮಾಡಬಹುದು, ನಡುವೆ ಎಷ್ಟು ವಿಶ್ರಾಂತಿ ಬೇಕು ಎಂಬುದಕ್ಕೆ ಒಂದು ಸ್ಲೈಡೂ ಇರಲಿಲ್ಲ.

ಪಾಠ ಹೊರಗಿನದು ಎಂಬುದು ಕಲ್ಲಿನ ವಿಷಯಕ್ಕೆ ಬಂದಾಗ ಬಯಲಾಗುತ್ತದೆ. ನೆಲ ಒರೆಸಲು ವಿನೆಗರ್ ಎಂದು ಪುಸ್ತಿಕೆಯಲ್ಲಿದೆ. ಶಹಾಬಾದ್ ಪರಸಿ ಸುಣ್ಣದ ಕಲ್ಲು, ಹುಳಿ ಬಿದ್ದರೆ ನೊರೆಗಟ್ಟಿ ಹೊಳಪು ಹೋಗುತ್ತದೆ, ಆಮೇಲೆ ಪಾಲಿಶ್ ಹೊಡೆಸದೆ ಗತಿಯಿಲ್ಲ. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ ಇನ್ನೊಂದು ಬಗೆ: ತೂತು ತೂತಾದ ಕಲ್ಲು, ನೀರು ಕುಡಿಯುತ್ತದೆ, ಮೇಲಿನ ಗಾರೆಯ ಮೂಲಕ ಉಸಿರಾಡಿ ಒಣಗುತ್ತದೆ. ಅದಕ್ಕೆ ಸಿಮೆಂಟ್ ಪ್ಲಾಸ್ಟರ್ ಬಳಿದು ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ನೀರಿಗೆ ಹೊರಗೆ ಹೋಗುವ ದಾರಿಯೇ ಇಲ್ಲ, ಇನ್ನಷ್ಟು ಮೇಲೇರಿ ಒಳಗಿನ ಖೋಲಿಯಲ್ಲಿ ಕಾಣಿಸಿಕೊಳ್ಳುತ್ತದೆ. ಇದರ ಬಗ್ಗೆ ಒಂದಕ್ಷರವೂ ಇಲ್ಲ.

ಕೂಲರ್ ಬಗ್ಗೆಯೂ ಇಲ್ಲ. ಕಲಬುರಗಿ, ಯಾದಗಿರಿಗಳಲ್ಲಿ ಬೂಷ್ಟಿನ ಪಾಠ ಮಾಡುತ್ತ ಕೂಲರ್ ಮರೆತರೆ ಹೇಗೆ? ಮೇ ತಿಂಗಳ ಒಣ ಗಾಳಿಯಲ್ಲಿ ಕಿಟಕಿ ತೆರೆದಿಟ್ಟು ಓಡಿಸಿದರೆ ತೊಂದರೆ ಕಡಿಮೆ. ಮಳೆ ಶುರುವಾದ ಮೇಲೂ ಬಾಗಿಲು ಹಾಕಿಕೊಂಡು ರಾತ್ರಿಯಿಡೀ ಓಡಿಸಿದರೆ ಆ ಹಬೆಯೆಲ್ಲ ಅಲ್ಮಾರಿಯ ಹಿಂದೆ ಗಾಳಿಯಾಡದ ಗೋಡೆಯ ಮೇಲೆ ಕೂರುತ್ತದೆ. ಗೋಡೆಯ ಮೈಗೆ ತಾಗಿದ ಗಾಳಿಯ ತೇವ ದಿನಗಟ್ಟಲೆ ಶೇ 80 ದಾಟಿದ್ದರೆ ಬೂಷ್ಟಿಗೆ ಬೇರೆ ಆಮಂತ್ರಣ ಬೇಕಿಲ್ಲ. ಖೋಲಿಯಲ್ಲಿ ಶೇ 60ರೊಳಗೆ ಇಡಿ ಎಂದು ಪುಸ್ತಿಕೆ ಹೇಳುತ್ತದೆ, ಸರಿ. ಅಲ್ಮಾರಿ ನಾಲ್ಕು ಬೆರಳು ಮುಂದೆ ಎಳೆಯಿರಿ ಎಂದೂ ಹೇಳಬಹುದಿತ್ತು.

ಮೂರನೇ ದಿನ ಗಾಳಿಯ ಮಾದರಿ ಪರೀಕ್ಷೆ, ಅಂದರೆ ಕಿಟ್ ಮಾರಾಟ. ಒಳಗಾಳಿಯಲ್ಲಿ ಎಷ್ಟು ಬೀಜಕಣ ಇರಬಹುದು ಎಂಬುದಕ್ಕೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕೂಡ ಮಿತಿ ಹಾಕಿಲ್ಲ. ಹೊರಗಿನ ಗಾಳಿಯ ಮಾದರಿಯಿಲ್ಲದೆ ಒಳಗಿನ ಅಂಕಿಯಿಂದ ಏನೂ ತಿಳಿಯದು. ಕಣ್ಣಿಗೆ ಕಂಡ ಬೂಷ್ಟಿಗೆ ಪರೀಕ್ಷೆಯೇ ಬೇಡ, ಯಾವ ಜಾತಿಯಾದರೂ ಮಾಡುವ ಕೆಲಸ ಒಂದೇ. 2021ರಲ್ಲಿ ಎಲ್ಲರನ್ನೂ ಹೆದರಿಸಿದ ಕಪ್ಪು ಶಿಲೀಂಧ್ರ ಕಾಯಿಲೆಗೂ ಗೋಡೆಯ ಕರಿ ಕಲೆಗೂ ತಳಕು ಹಾಕಿ ಹೆದರಿಸುವ ಸ್ಲೈಡನ್ನು ದಯವಿಟ್ಟು ತೆಗೆದುಹಾಕಿ.

ಕೊನೆಗೆ ಕೊಡುವ ಪ್ರಮಾಣಪತ್ರ ಹಾಜರಿಯ ಪತ್ರ, ಲೈಸೆನ್ಸ್ ಅಲ್ಲ. ಟೆಕ್ಸಾಸ್, ಫ್ಲಾರಿಡಾ, ನ್ಯೂಯಾರ್ಕ್ ರಾಜ್ಯಗಳಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಇದೆ. ನ್ಯೂಯಾರ್ಕ್‌ನಲ್ಲಿ ಪರೀಕ್ಷೆ ಮಾಡಿದವರೇ ಅದೇ ಮನೆಯ ಬೂಷ್ಟು ತೆಗೆಯುವಂತಿಲ್ಲ. ಗಿರಾಕಿಗಳು ಈ ಪತ್ರ ನೋಡಿ ಮರುಳಾಗದೆ, ನೀರು ಎಲ್ಲಿಂದ ಬರುತ್ತಿದೆ ಎಂದು ಕೇಳಲಿ.

ಪೇಂಟಿಂಗ್ ಗುತ್ತಿಗೆದಾರರು, ವಾಟರ್‌ಪ್ರೂಫಿಂಗ್ ಮಾಡುವವರು, ಲಾಜ್ ನಡೆಸುವವರು ಹೋಗಬಹುದು. ಒಂದು ಮನೆಯ ಒಂದು ಗೋಡೆಗಾಗಿ ದುಡ್ಡು ಕಟ್ಟಬೇಡಿ. ಬ್ಯಾಚ್ ಆರಿಸುವುದಾದರೆ ಏಪ್ರಿಲ್, ಮೇ ಬೇಡ, ಆಗ ಊರಿನ ಗೋಡೆಗಳೆಲ್ಲ ಒಣಗಿರುತ್ತವೆ, ಮೀಟರಿಗೆ ಸಿಗುವುದು ಉಪ್ಪು ಮಾತ್ರ. ಆಗಸ್ಟ್ ಬ್ಯಾಚ್ ಕೇಳಿ, ಅಭ್ಯಾಸಕ್ಕೆ ಬಾತ್‌ರೂಮಿನ ಸಂಕ್ (ಪೈಪುಗಳಿಗಾಗಿ ತಗ್ಗಿಸಿದ ನೆಲ) ಸೋರುವ ಹಳೇ ಕಟ್ಟಡವನ್ನೇ ತೋರಿಸಬೇಕೆಂದು ಫೀಸು ಕಟ್ಟುವ ಮೊದಲೇ ಹೇಳಿ.