ವಿಸ್ಟೀರಿಯಾ ಸುಗಂಧ ತೈಲ: 14 ತಿಂಗಳ ಬಳಕೆಯ ನಂತರ

ಕಳೆದ ವರ್ಷ ಜೂನ್ ಮೊದಲ ವಾರದಲ್ಲಿ, ಮೈಸೂರಿಗೆ ಮುಂಗಾರು ಇಳಿಯುತ್ತಿದ್ದ ದಿನಗಳಲ್ಲಿ, 10 ಮಿಲಿಲೀಟರ್‌ನ ರೋಲ್-ಆನ್ ಸೀಸೆಯಲ್ಲಿ ಬರುವ ವಿಸ್ಟೀರಿಯಾ ಪರಿಮಳದ ಸುಗಂಧ ತೈಲವೊಂದನ್ನು 850 ರೂಪಾಯಿ ಕೊಟ್ಟು ತರಿಸಿಕೊಂಡೆ. ಈಗ ಆಗಸ್ಟ್. ಸೀಸೆಯ ತಳದಲ್ಲಿ ಒಂದು ಬೆರಳಿನ ಅಗಲಕ್ಕಿಂತ ಕಡಿಮೆ ತೈಲ ಉಳಿದಿದೆ. ವಾರಕ್ಕೆ ನಾಲ್ಕೈದು ದಿನ, ಮೈಸೂರಿನಿಂದ ಮಂಡ್ಯದ ಕಾಲೇಜಿಗೆ ರೈಲಿನಲ್ಲಿ ಹೋಗಿಬರುವಾಗ ಇದನ್ನು ಹಚ್ಚಿಕೊಂಡಿದ್ದೇನೆ. ಮೊದಲ ತಿಂಗಳಲ್ಲೇ ವಿಮರ್ಶೆ ಬರೆದಿದ್ದರೆ ಖಂಡಿತವಾಗಿ ತಪ್ಪು ತೀರ್ಪು ಕೊಡುತ್ತಿದ್ದೆ. ಏಕೆಂದರೆ ಹಚ್ಚಿಕೊಂಡ ಮುಕ್ಕಾಲು ಗಂಟೆಯೊಳಗೆ ಕಂಪು ಹಾರಿಹೋಗುತ್ತದೆಂದೇ ಆಗ ನಂಬಿದ್ದೆ. ಕಂಪು ಮೈಮೇಲೆಯೇ ಇರುತ್ತಿತ್ತು, ಅದನ್ನು ಗ್ರಹಿಸುವ ನನ್ನ ಮೂಗು ಮಾತ್ರ ಸುಮ್ಮನಾಗುತ್ತಿತ್ತು ಎಂಬುದು ತಿಳಿಯಲು ಇಡೀ ಒಂದು ಆಷಾಢ ಬೇಕಾಯಿತು.

ಹೂವಿನ ಬಗ್ಗೆ ಎರಡು ಮಾತು ಮೊದಲೇ ಹೇಳಬೇಕು. ವಿಸ್ಟೀರಿಯಾ ಚೀನಾ, ಜಪಾನ್, ಕೊರಿಯಾ ಮತ್ತು ಅಮೆರಿಕದ ಪೂರ್ವಭಾಗಗಳಲ್ಲಿ ಬೆಳೆಯುವ, ಗಟ್ಟಿ ಕಾಂಡದ ಬಳ್ಳಿ. ವಸಂತದಲ್ಲಿ ಅದರ ನಸುನೇರಳೆ ಹೂಗೊಂಚಲುಗಳು ಚಪ್ಪರದಿಂದ ಕೆಳಕ್ಕೆ ಜೋಲುತ್ತವೆ. ಜಪಾನಿನವರು ಅದನ್ನು ಫುಜಿ ಎನ್ನುತ್ತಾರೆ. ನಮ್ಮ ಊರಿನ ಹೆಸರನ್ನೇ ಹೊತ್ತ ಥನ್ಬರ್ಜಿಯಾ ಮೈಸೂರೆನ್ಸಿಸ್ ಬಳ್ಳಿಯ ಕೆಂಪು ಹಳದಿ ಮಾಲೆಗಳು ಚಪ್ಪರದಿಂದ ತೂಗುವುದನ್ನು ಕಂಡವರಿಗೆ ಆ ಜೋಲುವ ಬಗೆ ಕಣ್ಣಿಗೆ ಕಟ್ಟುತ್ತದೆ, ಆದರೆ ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು. ವಿಸ್ಟೀರಿಯಾ ನಮ್ಮ ಅವರೆ, ತೊಗರಿಗಳ ಕುಟುಂಬಕ್ಕೆ ಸೇರಿದ್ದು, ಹೂವಿನ ಆಕಾರವೂ ಅವರೆ ಹೂವಿನದೇ. ನಾನು ಆ ಬಳ್ಳಿಯನ್ನು ಕಣ್ಣಾರೆ ಕಂಡವಳಲ್ಲ, ಅದರ ಕೆಳಗೆ ನಿಂತು ಉಸಿರೆಳೆದವಳೂ ಅಲ್ಲ. ಆದ್ದರಿಂದ ಈ ತೈಲ ನಿಜವಾದ ಹೂವಿಗೆ ಎಷ್ಟು ಹತ್ತಿರವಾಗಿದೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಮೈಮೇಲೆ ಅದು ಹೇಗಿರುತ್ತದೆ ಎಂಬುದನ್ನಷ್ಟೇ ಬರೆಯುತ್ತೇನೆ. ಈ ಹೆಸರಿನಲ್ಲಿ ಅಂಗಡಿಗಳಲ್ಲಿ ದೊರೆಯುವ ತೈಲಗಳು ಸಾಮಾನ್ಯವಾಗಿ ಹೂವಿನಿಂದ ಭಟ್ಟಿಯಿಳಿಸಿದವಲ್ಲ. ಬೇರೆ ಬೇರೆ ಸುಗಂಧ ದ್ರವ್ಯಗಳನ್ನು ಅಳತೆಯರಿತು ಕೂಡಿಸಿ ಆ ಹೂವಿನ ನೆನಪು ತರುವಂತೆ ಮಾಡಿದವು. ನನ್ನ ಸೀಸೆಯ ಪೆಟ್ಟಿಗೆಯ ಮೇಲೆ ಲಿನಲೂಲ್, ಆಲ್ಫಾ ಐಸೊಮೀಥೈಲ್ ಅಯೊನೋನ್, ಕೂಮರಿನ್ ಎಂಬ ಹೆಸರುಗಳೂ, ಇವೆಲ್ಲಕ್ಕೂ ಆಧಾರವಾಗಿ ತಿಳಿಗೊಳಿಸಿದ ಕೊಬ್ಬರಿ ಎಣ್ಣೆಯ ಹೆಸರೂ ಇವೆ. ಈ ಹೆಸರುಗಳನ್ನು ತಿಳಿದುಕೊಂಡದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಮಣಿಕಟ್ಟಿನ ಮೇಲೆ ಒಮ್ಮೆ ಉರುಳಿಸಿದ ತಕ್ಷಣ ಬರುವುದು ಹಸಿರು ಮಿಶ್ರಿತವಾದ, ತುಸು ಖಾರದ ಸಿಹಿ. ಮೊದಲ ದಿನ ಇದನ್ನು ಎಲ್ಲೋ ಮೂಸಿದ್ದೇನೆ ಎನ್ನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ. ಕೆಲವು ದಿನಗಳ ಮೇಲೆ ಸಾರಿನ ಪುಡಿಗೆ ಕೊತ್ತಂಬರಿ ಬೀಜ ಹುರಿಯುವ ಮೊದಲು ಅಂಗೈಯಲ್ಲಿ ನಾಲ್ಕು ಕಾಳು ತಿಕ್ಕಿ ನೋಡಿದಾಗ ಹೊಳೆಯಿತು. ಲಿನಲೂಲ್ ಕೊತ್ತಂಬರಿ ಬೀಜದ ಎಣ್ಣೆಯ ಮುಖ್ಯ ಅಂಶ, ಅನೇಕ ಹೂಗಳ ಕಂಪಿನಲ್ಲೂ ಅದೇ ಇರುತ್ತದೆ. ಈ ಮೊದಲ ಹಂತ ಹತ್ತು ಹನ್ನೆರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಆಮೇಲೆ ಹಸಿರು ಹಿಂದೆ ಸರಿದು, ಕಪ್ಪು ದ್ರಾಕ್ಷಿಯ ಸಿಪ್ಪೆಯನ್ನು ನೆನಪಿಸುವ ಒಂದು ಒಗರುಸಿಹಿಯೂ, ಅದರ ಹಿಂದೆ ಮುಖಕ್ಕೆ ಹಚ್ಚುವ ಪೌಡರಿನಂಥ ಮೆತ್ತನೆಯ ಕಂಪೂ ಏಳುತ್ತವೆ. ಈ ತೈಲದ ನಿಜವಾದ ಸೊಗಸು ಇಲ್ಲಿದೆ. ಮದ್ದೂರಿನ ಕಡೆಯ ಹಳ್ಳಿಯಿಂದ ಬಂದ ನಮ್ಮ ಅತ್ತೆಯವರು ನನ್ನ ಕೈ ಹಿಡಿದು ಮೂಸಿ, ‘ಇಬ್ಬನಿ ಬಿದ್ದ ಅವರೆ ಹೊಲದ ಮಗ್ಗುಲಲ್ಲಿ ಹೋದ ಹಾಗಿದೆ ಕಣಮ್ಮ’ ಎಂದರು. ಬಳ್ಳಿಯ ಹೆಸರನ್ನಾಗಲಿ, ಅದು ಅವರೆಯ ಬಂಧು ಎಂಬುದನ್ನಾಗಲಿ ನಾನು ಅವರಿಗೆ ಹೇಳಿರಲಿಲ್ಲ. ಸೊಗಡವರೆಯ ಎಣ್ಣೆಯಂಶದ ಗಾಢ ವಾಸನೆ ಇದರಲ್ಲಿ ಇಲ್ಲ. ಅವರು ಹೇಳಿದ್ದು ಹೂವಿನ ಹೊತ್ತಿನ, ಇನ್ನೂ ಕಾಯಿ ಕಟ್ಟದ ಹೊಲದ ಮಾತು. ಹದಿನಾಲ್ಕು ತಿಂಗಳಲ್ಲಿ ಈ ಕಂಪಿಗೆ ಅದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ.

ಇನ್ನು ಮೂಗಿನ ವಿಷಯ. ಬೆಳಿಗ್ಗೆ ಮನೆಯಲ್ಲಿ ಹಚ್ಚಿಕೊಂಡು ರೈಲು ಹತ್ತಿ ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ನನಗೆ ಏನೂ ತಿಳಿಯುತ್ತಿರಲಿಲ್ಲ. ಹೋಯಿತೆಂದುಕೊಂಡು ಮಂಡ್ಯದಲ್ಲಿ ಇಳಿದ ಮೇಲೆ ಇನ್ನೊಮ್ಮೆ, ಊಟದ ಹೊತ್ತಿಗೆ ಮತ್ತೊಮ್ಮೆ ಹಚ್ಚುತ್ತಿದ್ದೆ. ಆಷಾಢದ ಒಂದು ಶುಕ್ರವಾರ ಬೆಳಗಿನ ಜಾವ ಚಾಮುಂಡಿ ಬೆಟ್ಟಕ್ಕೆ ಹೋಗಿ, ಸರದಿಯಲ್ಲಿ ಎರಡು ಗಂಟೆ ನಿಂತು, ಅಲ್ಲಿಂದ ನೇರವಾಗಿ ಕಾಲೇಜಿಗೆ ಹೋದ ದಿನ, ಸಹೋದ್ಯೋಗಿಯೊಬ್ಬರು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು, ‘ಮೇಡಂ, ತಪ್ಪು ತಿಳಿಯಬೇಡಿ, ಈ ಸೆಂಟು ಸ್ವಲ್ಪ ಜಾಸ್ತಿಯಾಯಿತು’ ಎಂದು ಮೆಲ್ಲನೆ ಹೇಳಿದರು. ನಾನು ಹಚ್ಚಿ ಆಗಲೇ ಆರು ಗಂಟೆ ಕಳೆದಿತ್ತು, ನನ್ನ ಮೂಗಿಗೆ ಅದರ ಸುಳಿವೂ ಇರಲಿಲ್ಲ.

ಇದಕ್ಕೆ ಕಾರಣ ಪೆಟ್ಟಿಗೆಯ ಮೇಲಿನ ಎರಡನೆಯ ಹೆಸರಿನಲ್ಲಿತ್ತು. ಅಯೊನೋನ್ ಎಂಬ ದ್ರವ್ಯವನ್ನು 1893ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರಾದ ಟೀಮನ್ ಮತ್ತು ಕ್ರೂಗರ್ ತಯಾರಿಸಿದರು. ವಯಲೆಟ್ ಹೂವಿನ ಕಂಪಿಗೆ ಅದೇ ಬೆನ್ನೆಲುಬು. ಈ ಬಗೆಯ ದ್ರವ್ಯಗಳು ಮೂಗನ್ನು ಬೇಗನೆ ಮಂಕಾಗಿಸುತ್ತವೆ. ಸ್ವಲ್ಪ ಹೊತ್ತು ಬಿಟ್ಟರೆ ಮೂಗು ಮತ್ತೆ ಎಚ್ಚರಗೊಳ್ಳುತ್ತದೆ, ಕಂಪು ಹೊಸದಾಗಿ ಬಂದಂತೆ ತೋರುತ್ತದೆ. ಅದಲ್ಲದೆ ಇದೇ ಬಳಗದ ಬೀಟಾ ಅಯೊನೋನನ್ನು ಗ್ರಹಿಸುವ ಶಕ್ತಿ ಎಲ್ಲರಿಗೂ ಒಂದೇ ಸಮನಾಗಿರುವುದಿಲ್ಲ, ಅದು ಹುಟ್ಟಿನಿಂದ ಬರುವ ವ್ಯತ್ಯಾಸ. ನಮ್ಮ ಮನೆಯಲ್ಲಿಯೇ ಅತ್ತೆಯವರಿಗೆ ಕೋಣೆಯ ಬಾಗಿಲಿನಿಂದಲೇ ತಿಳಿಯುವ ಈ ಪರಿಮಳ, ನನ್ನ ಯಜಮಾನರಿಗೆ ಮಣಿಕಟ್ಟನ್ನು ಮೂಗಿಗೆ ಹಿಡಿದರೂ ಬರಿಯ ಎಣ್ಣೆಯಂತೆ ಇರುತ್ತದೆ. ಅಂದಿನಿಂದ ನಾನು ಬೆಳಿಗ್ಗೆ ಒಮ್ಮೆ ಮಾತ್ರ ಹಚ್ಚುತ್ತೇನೆ. ರೈಲಿನಿಂದ ಇಳಿದು ಹೊರಗಿನ ಗಾಳಿಗೆ ಬಂದಾಗ, ಅಥವಾ ಒಂದು ತರಗತಿ ಮುಗಿಸಿ ಸೀಮೆಸುಣ್ಣದ ಕೈ ತೊಳೆಯುವಾಗ, ಅದು ತಾನಾಗಿ ಮರಳಿ ಬರುತ್ತದೆ. ಈ ಬಗೆಯ ತೈಲ ಕೊಳ್ಳುವವರಿಗೆ ನಾನು ಒತ್ತಿ ಹೇಳಬೇಕಾದ ಸಂಗತಿ ಇದೊಂದೇ: ಕಂಪು ಉಳಿದಿದೆಯೇ ಇಲ್ಲವೇ ಎಂಬುದನ್ನು ಹಚ್ಚಿಕೊಂಡವರು ತಾವೇ ನಿರ್ಧರಿಸಬಾರದು, ಮನೆಯವರನ್ನೋ ಗೆಳತಿಯರನ್ನೋ ಕೇಳಬೇಕು. ನಮ್ಮ ಮನೆಯವರ ಮೂಗಿನ ಲೆಕ್ಕದಲ್ಲಿ, ಒಮ್ಮೆ ಹಚ್ಚಿದರೆ ಮಳೆಗಾಲದಲ್ಲಿ ಏಳು ಗಂಟೆ, ಬೇಸಿಗೆಯಲ್ಲಿ ನಾಲ್ಕು ಗಂಟೆ ಉಳಿಯುತ್ತದೆ.

ಋತುವಿನಿಂದ ಋತುವಿಗೆ ಈ ವ್ಯತ್ಯಾಸ ಸಣ್ಣದಲ್ಲ. ಮೋಡ ಕವಿದ, ತೇವದ ದಿನಗಳಲ್ಲಿ ಕಂಪು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಹಸಿರು, ದ್ರಾಕ್ಷಿ, ಪೌಡರು ಒಂದರ ಹಿಂದೆ ಒಂದು ಸ್ಪಷ್ಟವಾಗಿ ಬರುತ್ತವೆ. ಧನುರ್ಮಾಸದ ಚಳಿಯಲ್ಲಿ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುವಾಗ, ಶಾಲಿನ ಒಳಗಿನಿಂದ ಕತ್ತಿನ ಬಿಸಿಗೆ ಏಳುವ ಪರಿಮಳ ಇದರ ಅತ್ಯುತ್ತಮ ರೂಪ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಪ್ರಿಲ್‌ನಲ್ಲಿ ಅದೇ ತೈಲ ಬೇರೆಯೇ ಆಯಿತು. ಮಂಡ್ಯದ ಬಿಸಿಲಿನಲ್ಲಿ, ಬೆವರು ಕೂಡಿದ ಮೇಲೆ, ಮೇಲಿನ ಹಂತಗಳೆಲ್ಲ ಅರ್ಧ ಗಂಟೆಯಲ್ಲಿ ಮುಗಿದು, ತಳದ ಕೂಮರಿನ್‌ನ ಸಿಹಿ ಮಾತ್ರ ದಪ್ಪವಾಗಿ ನಿಲ್ಲುತ್ತಿತ್ತು. ಒಣಹುಲ್ಲಿನಂತೆ ಹಿತವಾಗಿರಬೇಕಾದ ಆ ಸಿಹಿ, ಸೆಕೆಯಲ್ಲಿ ಕಾಕಂಬಿಯಂತೆ ಮುಖಕ್ಕೆ ಹೊಡೆಯುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸಂಜೆ ಸ್ನಾನದ ನಂತರ ಮಾತ್ರ ಬಳಸಿದೆ.

ಮದ್ಯಸಾರ ಬೆರೆಸಿದ ಸ್ಪ್ರೇಗಳಿಗೆ ಒಗ್ಗಿದವರು ಇದರಿಂದ ಅದೇ ಹರಡುವಿಕೆಯನ್ನು ನಿರೀಕ್ಷಿಸಬಾರದು. ಮದ್ಯಸಾರ ಆವಿಯಾಗುವಾಗ ಕಂಪನ್ನು ಎತ್ತಿ ಗಾಳಿಗೆ ಹರಡುತ್ತದೆ. ಎಣ್ಣೆ ಅದನ್ನು ಮೈಗೆ ಅಂಟಿಸಿಕೊಂಡು, ಮೈಬಿಸಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಅತ್ತರಿನವರು ಗಾಜಿನ ಕಡ್ಡಿಯಿಂದ ಹಿಂಗೈಗೆ ಒಂದು ಗೀಟು ಎಳೆದು, ಮಾರುಕಟ್ಟೆ ಸುತ್ತಿ ಬನ್ನಿ ಎಂದು ಕಳಿಸುವುದು ಸುಮ್ಮನೆ ಅಲ್ಲ. ಈ ತೈಲವನ್ನು ಕಾಗದದ ಪಟ್ಟಿಯ ಮೇಲೆ ಹಚ್ಚಿ ನೋಡಿದೆ. ಮರುದಿನವೂ ಹೆಚ್ಚು ಬದಲಾಗದೆ, ಚಪ್ಪಟೆಯಾಗಿ, ಸೋಪಿನಂತೆ ಉಳಿದಿತ್ತು. ಕಾಗದ ನೋಡಿ ಕೊಳ್ಳುವವರಿಗೆ ಇದರ ಎರಡನೆಯ ಗಂಟೆ ಗೊತ್ತೇ ಆಗುವುದಿಲ್ಲ.

ಹಚ್ಚುವ ಜಾಗವೂ ಮುಖ್ಯ. ಮಣಿಕಟ್ಟಿಗಿಂತ ಮೊಣಕೈಯ ಒಳಮಡಿಕೆಯಲ್ಲಿ ಒಂದೂವರೆ ಗಂಟೆ ಹೆಚ್ಚು ನಿಂತಿದೆ, ಏಕೆಂದರೆ ಅಲ್ಲಿಗೆ ಕೈ ತೊಳೆಯುವ ನೀರು ತಾಗುವುದಿಲ್ಲ. ಒಣಚರ್ಮದವರು ಮೊದಲು ವಾಸನೆಯಿಲ್ಲದ ಲೋಷನ್ನಿನ ತೆಳುಪದರ ಹಚ್ಚಿಕೊಂಡರೆ ಒಳ್ಳೆಯದು. ಚಳಿಗಾಲದಲ್ಲಿ ನಾನು ಹಾಗೆಯೇ ಮಾಡಿದೆ. ಬಟ್ಟೆಗೆ ಮಾತ್ರ ತಾಗಿಸಬಾರದು. ದಸರೆಯ ಸಮಯದಲ್ಲಿ ಅವಸರದಲ್ಲಿ ಹಚ್ಚಿಕೊಂಡು ಉಟ್ಟ ತಿಳಿಬಣ್ಣದ ಮೈಸೂರು ರೇಷ್ಮೆ ಸೀರೆಯ ಸೆರಗಿನ ಮೇಲೆ ಎರಡು ಎಣ್ಣೆಕಲೆಗಳಾದವು. ಡ್ರೈಕ್ಲೀನಿಂಗ್ ಅಂಗಡಿಯವರು ಒಂದನ್ನು ತೆಗೆದರು, ಇನ್ನೊಂದರ ಅಂಚು ಇಂದಿಗೂ ಬೆಳಕಿಗೆ ಹಿಡಿದರೆ ಕಾಣುತ್ತದೆ. ಆ ಸೀರೆ ನನ್ನ ತಾಯಿಯದು, ಆ ನೋವು ಹೋಗಿಲ್ಲ.

ಮೈಸೂರಿನಲ್ಲಿ ಯಾವ ಪರಿಮಳ ಧರಿಸಿದರೂ ಅದು ಮಲ್ಲಿಗೆ ಮತ್ತು ಗಂಧದ ನಡುವೆಯೇ ಬಾಳಬೇಕು. ಮುಡಿದ ಮೈಸೂರು ಮಲ್ಲಿಗೆಯ ಎದುರು ಈ ತೈಲ ಹಗಲಿನ ದೀಪದಂತಾಗುತ್ತದೆ. ಮಲ್ಲಿಗೆಯ ಕಂಪಿನಲ್ಲಿ ಇಂಡೋಲ್ ಎಂಬ ಅಂಶದಿಂದ ಬರುವ ಒಂದು ಮಾಗಿದ ಗಾಢತೆಯಿದೆ, ವಿಸ್ಟೀರಿಯಾದ ತೆಳುನೇರಳೆ ಸ್ವಭಾವ ಅದರ ಪಕ್ಕದಲ್ಲಿ ನಿಲ್ಲಲಾರದು. ಹೂ ಮುಡಿದ ದಿನ ಇದನ್ನು ಹಚ್ಚದಿರುವುದೇ ಸರಿ. ಗಂಧದೊಂದಿಗೆ ಇದರ ಹೊಂದಾಣಿಕೆ ಮಾತ್ರ ಅಪೂರ್ವ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಯುದ್ಧದಿಂದಾಗಿ ಯುರೋಪಿಗೆ ಹೋಗಲಾಗದೆ ಉಳಿದ ಶ್ರೀಗಂಧದಿಂದ ಇಲ್ಲಿಯೇ ಎಣ್ಣೆ ತೆಗೆಯಲು ಸಂಸ್ಥಾನ ಮುಂದಾದಾಗಿನಿಂದ ಆ ಎಣ್ಣೆಗೆ ನಮ್ಮ ಊರಿನ ಹೆಸರು ಅಂಟಿಕೊಂಡಿದೆ. ಗಂಧದೆಣ್ಣೆಯ ಸಾಂಟಲೋಲ್‌ಗಳು ನಿಧಾನವಾಗಿ ಆವಿಯಾಗುವಂಥವು, ಬೇಗ ಹಾರುವ ಹೂಗಂಪುಗಳನ್ನು ಹಿಡಿದು ನಿಲ್ಲಿಸಲು ಸುಗಂಧ ತಯಾರಕರು ಅವನ್ನು ತಲೆಮಾರುಗಳಿಂದ ಬಳಸುತ್ತ ಬಂದಿದ್ದಾರೆ. ನಾನು ಅಸಲಿ ಎಣ್ಣೆಯ ಒಂದು ಪುಟ್ಟ ಚುಕ್ಕೆಯನ್ನು ಮೊದಲು ಹಚ್ಚಿ, ಐದು ನಿಮಿಷ ಬಿಟ್ಟು ಅದರ ಮೇಲೆ ಈ ತೈಲ ಉರುಳಿಸಿದೆ. ಮೇ ತಿಂಗಳ ಸಂಜೆಯಲ್ಲೂ ಕಾಕಂಬಿಯ ಸಿಹಿ ತಗ್ಗಿ, ದ್ರಾಕ್ಷಿಯ ಒಗರು ಮಲಗುವ ಹೊತ್ತಿನವರೆಗೆ ಉಳಿಯಿತು. ಅತ್ತೆಯವರು ಪೂಜೆಗೆ ಸಾಣೆಕಲ್ಲಿನ ಮೇಲೆ ತೇಯ್ದ ಗಂಧವನ್ನು ಬಳಸಿ ನೋಡಿದಾಗ ಇಷ್ಟು ಗುಣ ಕಾಣಲಿಲ್ಲ. ಅದು ಒಣಗಿ ಉದುರುತ್ತದೆ.

ಹತ್ತನೆಯ ತಿಂಗಳಿನಿಂದ ತೈಲ ಬದಲಾಗತೊಡಗಿತು. ಮೊದಲ ಹಸಿರು ಹಂತ ಮಂಕಾಗಿ, ಅದರ ಜಾಗದಲ್ಲಿ ತುಸು ಲೋಹದಂಥ ಚುರುಕು ಬಂತು. ಲಿನಲೂಲ್ ಗಾಳಿಯ ಸಂಪರ್ಕದಲ್ಲಿ ಉತ್ಕರ್ಷಣಗೊಳ್ಳುತ್ತದೆ, ಹಾಗೆ ಹಳತಾದ ಲಿನಲೂಲ್ ಕೆಲವರ ಚರ್ಮಕ್ಕೆ ಅಲರ್ಜಿ ತರಬಲ್ಲದು. ಆದ್ದರಿಂದ ಹೊಸ ಸೀಸೆಯನ್ನಷ್ಟೇ ಅಲ್ಲ, ಹಳೆಯ ಸೀಸೆಯನ್ನೂ ಮತ್ತೊಮ್ಮೆ ಮೊಣಕೈಯ ಒಳಭಾಗದಲ್ಲಿ ಚುಕ್ಕೆ ಹಚ್ಚಿ ಎರಡು ದಿನ ಕಾದು ನೋಡುವುದು ಕ್ಷೇಮ. ನನಗೆ ತುರಿಕೆಯಾಗಲಿ ಕೆಂಪಾಗುವುದಾಗಲಿ ಆಗಲಿಲ್ಲ. ಬೇಸಿಗೆಯುದ್ದಕ್ಕೂ ಸೀಸೆ ನನ್ನ ಕೈಚೀಲದಲ್ಲಿ ರೈಲಿನ ಬಿಸಿಲಿನಲ್ಲೇ ಓಡಾಡಿತ್ತು, ಬೀರುವಿನ ಕತ್ತಲಲ್ಲಿ ಇಟ್ಟಿದ್ದರೆ ಇನ್ನಷ್ಟು ಕಾಲ ಚೆನ್ನಾಗಿರುತ್ತಿತ್ತು. ಉರುಳುವ ಗುಂಡು ಐದನೆಯ ತಿಂಗಳಿಗೆ ಸಡಿಲವಾಗಿ, ಅಡ್ಡ ಮಲಗಿಸಿದರೆ ಜಿನುಗುತ್ತಿತ್ತು. ಮಾರಿದವರಿಗೆ ಬರೆದೆ, ಉತ್ತರ ಬರಲಿಲ್ಲ. 850 ರೂಪಾಯಿಯ ವಸ್ತುವಿನಲ್ಲಿ ಇದು ಒಪ್ಪತಕ್ಕ ದೋಷವಲ್ಲ.

ಇಷ್ಟಾದರೂ ಕಳೆದ ವಾರ ಮತ್ತೆ ತರಿಸಿದ್ದೇನೆ. ಈ ಸಲ 5 ಮಿಲಿಲೀಟರ್‌ನದು, ಗುಂಡಿಲ್ಲದೆ ಗಾಜಿನ ಕಡ್ಡಿಯಿರುವ ಸೀಸೆ. ಒಂದು ಮಳೆಗಾಲ ಮತ್ತು ಒಂದು ಚಳಿಗಾಲಕ್ಕೆ ಅಷ್ಟು ಸಾಕು, ಅದು ಹಳತಾಗುವ ಮೊದಲೇ ಮುಗಿದಿರುತ್ತದೆ.