ಮೂವರಲ್ಲಿ ಕಿರಿಯವನ ಪಾಲು: ‘ಕ್ರುಸೇಡರ್ ಕಿಂಗ್ಸ್ 3’ ಆಟದಲ್ಲಿ ಗಲೀಷಿಯಾ ಉಳಿಸಿಕೊಂಡ ಅನುಭವ

1065ರ ಡಿಸೆಂಬರ್ ಕೊನೆಯಲ್ಲಿ ಲಿಯೋನ್ ಮತ್ತು ಕ್ಯಾಸ್ಟೀಲ್‌ಗಳ ದೊರೆ ಒಂದನೆಯ ಫರ್ಡಿನೆಂಡ್ ತೀರಿಕೊಂಡಾಗ, ಅವನ ರಾಜ್ಯ ಮೂವರು ಗಂಡುಮಕ್ಕಳಿಗೆ ಪಾಲಾಯಿತು. ಹಿರಿಯ ಸಾಂಚೋಗೆ ಕ್ಯಾಸ್ಟೀಲ್, ನಡುವಿನ ಅಲ್ಫೋನ್ಸೋಗೆ ಲಿಯೋನ್, ಕಿರಿಯ ಗಾರ್ಸಿಯಾಗೆ ಸ್ಪೇನಿನ ವಾಯವ್ಯ ಮೂಲೆಯ ಗಲೀಷಿಯಾ. ಪಾಲಿನ ಜೊತೆಗೆ ಮುಸ್ಲಿಂ ಸಂಸ್ಥಾನಗಳಿಂದ ಬರುತ್ತಿದ್ದ ಕಪ್ಪವನ್ನೂ ತಂದೆ ಹಂಚಿದ್ದ: ಸಾರಗೋಸಾದ ಕಪ್ಪ ಹಿರಿಯವನಿಗೆ, ಟೊಲೆಡೋದ್ದು ನಡುವಿನವನಿಗೆ, ಬಡಹೋಸ್ ಮತ್ತು ಸೆವಿಲ್ಯದ್ದು ಕಿರಿಯವನಿಗೆ. ಕಾಗದದ ಮೇಲೆ ನ್ಯಾಯವಾಗಿಯೇ ಕಾಣುವ ಈ ಪಾಲುಪಟ್ಟಿ ಆರು ವರ್ಷವೂ ಬಾಳಲಿಲ್ಲ. 1071ರಲ್ಲಿ ಅಣ್ಣಂದಿರಿಬ್ಬರೂ ಸೇರಿ ತಮ್ಮನ ರಾಜ್ಯವನ್ನು ಕಿತ್ತುಕೊಂಡರು. ಸೆವಿಲ್ಯದಲ್ಲಿ ಆಶ್ರಯ ಪಡೆದ ಗಾರ್ಸಿಯಾ, ಸಾಂಚೋ 1072ರಲ್ಲಿ ಸಮೋರಾ ಕೋಟೆಯ ಮುಂದೆ ಕೊಲೆಯಾದ ಮೇಲೆ ಮರಳಿ ಬಂದನಾದರೂ, 1073ರಲ್ಲಿ ಅಲ್ಫೋನ್ಸೋ ಮಾತುಕತೆಗೆಂದು ಕರೆಸಿ ಅವನನ್ನು ಸೆರೆಹಿಡಿದ. 1090ರಲ್ಲಿ ಸಾಯುವವರೆಗೂ ಆ ತಮ್ಮ ಹೊರಗಿನ ಬೆಳಕನ್ನು ಸ್ವತಂತ್ರನಾಗಿ ಕಾಣಲಿಲ್ಲ.

ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2020ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿದ ‘ಕ್ರುಸೇಡರ್ ಕಿಂಗ್ಸ್ 3’ ಎಂಬ ಕಂಪ್ಯೂಟರ್ ಆಟದಲ್ಲಿ 1066ರ ಸೆಪ್ಟೆಂಬರ್ 15ನ್ನು ಆರಂಭದ ದಿನವಾಗಿ ಆರಿಸಿಕೊಂಡರೆ, ಗಾರ್ಸಿಯಾ ಇನ್ನೂ ಸಿಂಹಾಸನದ ಮೇಲಿರುತ್ತಾನೆ. ಮುಂದಿನದು ಆಡುವವರ ಕೈಯಲ್ಲಿ. ಹೊಸಬರಿಗೆ ಪಾಠ ಹೇಳಲು ಆಟವೇ ಐರ್ಲೆಂಡಿನ ಮನ್‌ಸ್ಟರ್ ಪ್ರಾಂತದ ಪುಟ್ಟ ದೊರೆಯನ್ನು ಮುಂದಿಡುತ್ತದೆ. ಅಲ್ಲಿ ಸುತ್ತಲಿರುವವರೆಲ್ಲರೂ ನಮ್ಮಷ್ಟೇ ಬಡವರಾದ್ದರಿಂದ ಕಲಿಯಲು ಅದು ಒಳ್ಳೆಯ ಜಾಗ. ಆದರೆ ದುರ್ಬಲನಾಗಿ ಬದುಕುವುದೆಂದರೇನು ಎಂಬುದನ್ನು ತಿಳಿಯಬೇಕಾದರೆ, ಪಕ್ಕದ ಮನೆಯಲ್ಲೇ ಬಲಶಾಲಿ ದಾಯಾದಿಗಳಿರುವ ಗಲೀಷಿಯಾಕ್ಕೆ ಬರಬೇಕು. ಕಳೆದ ಮೂರು ತಿಂಗಳಲ್ಲಿ ನಾನು ಇದನ್ನು ನಾಲ್ಕು ಬಾರಿ ಆಡಿದೆ. ಎರಡು ಬಾರಿ ಸೋತೆ, ಒಮ್ಮೆ ಅರ್ಧದಲ್ಲಿ ಬಿಟ್ಟೆ, ನಾಲ್ಕನೆಯ ಬಾರಿ ಉಳಿದುಕೊಂಡೆ. ಈ ಬರಹ ಮುಖ್ಯವಾಗಿ ಆ ನಾಲ್ಕನೆಯ ಆಟವನ್ನು ಕುರಿತದ್ದು.

ಈ ಆಟದಲ್ಲಿ ನಾವು ಆಡುವುದು ಒಂದು ದೇಶವಾಗಿ ಅಲ್ಲ, ಒಬ್ಬ ಮನುಷ್ಯನಾಗಿ. ಅವನು ಸತ್ತರೆ ಅವನ ವಾರಸುದಾರನಾಗಿ. ಉಳಿದೆಲ್ಲವೂ ಈ ಒಂದು ತೀರ್ಮಾನದಿಂದಲೇ ಹುಟ್ಟುತ್ತದೆ. ಮೊದಲ ಸಲ ನಾನು ಸೋತದ್ದು ಇದನ್ನು ಮರೆತು, ಬೇರೆ ಯುದ್ಧದ ಆಟಗಳ ರೂಢಿಯಂತೆ ದಂಡು ಕಟ್ಟಲು ಹೊರಟದ್ದರಿಂದ. ಚಿನ್ನವನ್ನೆಲ್ಲ ಕಾಯಂ ಸೈನಿಕರ ಮೇಲೆ ಸುರಿದೆ. ಸಾಂಚೋ ಏರಿ ಬಂದಾಗ ಅವನ ದಂಡು ಆಗಲೂ ನನ್ನದಕ್ಕಿಂತ ದೊಡ್ಡದಿತ್ತು, ಬಾಡಿಗೆ ಪಡೆಯನ್ನು ಕರೆಸಲು ಬೊಕ್ಕಸದಲ್ಲಿ ಏನೂ ಉಳಿದಿರಲಿಲ್ಲ. ಸಾಲಕ್ಕೆ ಬಿದ್ದ ದೊರೆಯ ಸೈನಿಕರು ಸರಿಯಾಗಿ ಕಾದಾಡುವುದಿಲ್ಲ ಎಂಬುದನ್ನೂ ಆಗಲೇ ಕಲಿತೆ. ಬಡ ರಾಜ್ಯದ ಆದಾಯ ದಾಯಾದಿಯ ಆದಾಯವನ್ನು ಎಂದೂ ಹಿಂದಿಕ್ಕಲಾರದು. ಆದ್ದರಿಂದ ಅವನಿಗೆ ಅನುಕೂಲವಾದ ಅಳತೆಯಲ್ಲೇ ಅವನೊಂದಿಗೆ ಪೈಪೋಟಿಗೆ ಇಳಿಯುವುದು ಸೋಲಿನ ಹಾದಿ.

ದುರ್ಬಲನ ನಿಜವಾದ ಬಂಡವಾಳ ಬೀಗತನ. ಈ ಆಟದಲ್ಲಿ ಮೈತ್ರಿ ಎಂಬುದು ಬಹುಪಾಲು ಹೆಣ್ಣು ಕೊಟ್ಟು ತರುವುದರಿಂದಲೇ ಕುದುರುತ್ತದೆ. ನಿಶ್ಚಿತಾರ್ಥವಾದರೂ ಸಾಕು, ಮಕ್ಕಳು ದೊಡ್ಡವರಾಗುವವರೆಗೆ ಕಾಯಬೇಕಿಲ್ಲ. ನಮ್ಮ ಕಡೆಯವರಿಗೆ ಥಟ್ಟನೆ ಹೊಳೆಯುವ ಉಪಾಯವೆಂದರೆ ಅಣ್ಣನ ಮನೆಯೊಂದಿಗೇ ಸಂಬಂಧ ಬೆಳೆಸಿ ಜಗಳ ತಪ್ಪಿಸುವುದು. ಆದರೆ ಆ ಕಾಲದ ಕ್ರೈಸ್ತ ಧರ್ಮ ಒಡಹುಟ್ಟಿದವರ ಮಕ್ಕಳ ನಡುವಿನ ಮದುವೆಯನ್ನು ಒಪ್ಪುತ್ತಿರಲಿಲ್ಲ, ಆಟವೂ ಒಪ್ಪುವುದಿಲ್ಲ. ಹಾಗಾಗಿ ಬೀಗರನ್ನು ದೂರದಲ್ಲೇ ಹುಡುಕಬೇಕು. ನಾಲ್ಕನೆಯ ಆಟದಲ್ಲಿ ಮೊದಲ ದಿನವೇ, ಗಡಿಯಾರ ಓಡಿಸುವ ಮೊದಲೇ, ಕಾಲು ಗಂಟೆ ನಕ್ಷೆಯ ಮೇಲೆ ಕಣ್ಣಾಡಿಸಿ, ದಕ್ಷಿಣ ಫ್ರಾನ್ಸಿನ ಒಬ್ಬ ಡ್ಯೂಕನ (ಪದವಿಯಲ್ಲಿ ದೊರೆಗಿಂತ ಒಂದು ಮೆಟ್ಟಿಲು ಕೆಳಗಿನವನ) ಮಗಳನ್ನು ಗಾರ್ಸಿಯಾಗೆ ತಂದುಕೊಂಡೆ. ಆ ಹುಡುಗಿಯ ಗುಣಗಳು ಅಷ್ಟೇನೂ ಚೆನ್ನಾಗಿರಲಿಲ್ಲ. ನಾನು ನೋಡಿದ್ದು ಅವಳಪ್ಪನ ದಂಡಿನ ಸಂಖ್ಯೆಯನ್ನು. ಎದುರಾಳಿಯನ್ನು ನಡೆಸುವ ಗಣಕವೂ ಅದನ್ನೇ ನೋಡುತ್ತದೆ: ಯುದ್ಧಕ್ಕೆ ಹೊರಡುವ ಮೊದಲು ನಮ್ಮ ಬಲದ ಜೊತೆಗೆ ನಮ್ಮ ಬೀಗರ ಬಲವನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ. ಹೀಗಾಗಿ ಒಳ್ಳೆಯ ಬೀಗತನದ ದೊಡ್ಡ ಲಾಭ ನಡೆಯದೇ ಹೋದ ಯುದ್ಧದಲ್ಲಿರುತ್ತದೆ. ಐದು ವರ್ಷ ಸಾಂಚೋ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಲಿಯೋನಿನ ಮೇಲೆ ಬಿದ್ದ.

ಇನ್ನೊಂದು ಮಾತು ಇಲ್ಲಿ ಹೇಳಬೇಕು. ಸಮಾನ ಪದವಿಯ ಒಬ್ಬ ದೊರೆ ಇನ್ನೊಬ್ಬನಿಗೆ ಶರಣಾಗಿ ಸಾಮಂತನಾಗಿ ಸೇರುವ ದಾರಿ ಆಟದಲ್ಲಿಲ್ಲ. ಅದಕ್ಕೆ ಎದುರಿನವನು ಚಕ್ರವರ್ತಿಯಾಗಿರಬೇಕು. ಸಣ್ಣ ಡ್ಯೂಕ್ ಆಗಿದ್ದರೆ ದೊಡ್ಡವನ ನೆರಳಿಗೆ ಹೋಗಿ ನಿಲ್ಲಬಹುದು, ದೊರೆಯಾದವನಿಗೆ ಅದೂ ಇಲ್ಲ. ಕಿರೀಟವೇ ಹೊರೆಯಾಗುವ ಈ ಸ್ಥಿತಿಯನ್ನು ಆಟ ಎಲ್ಲಿಯೂ ವಿವರಿಸಿ ಹೇಳದೆ, ಅನುಭವಕ್ಕೆ ಬರುವಂತೆ ಮಾಡಿದೆ.

ಮನೆಯೊಳಗಿನ ಅಪಾಯ ಹೊರಗಿನದಕ್ಕಿಂತ ಕಡಿಮೆಯದಲ್ಲ. ಇತಿಹಾಸದಲ್ಲಿ ಗಾರ್ಸಿಯಾ ತನ್ನ ರಾಜ್ಯ ಕಳೆದುಕೊಂಡ ವರ್ಷವೇ, ಅಂದರೆ 1071ರಲ್ಲೇ, ಪೋರ್ಚುಗಲ್ ಕಡೆಯ ಕೌಂಟ್ ನೂನೋ ಮೆಂದೆಸ್ ಅವನ ವಿರುದ್ಧ ದಂಗೆಯೆದ್ದು ಬ್ರಾಗಾದ ಬಳಿ ಪೆದ್ರೋಸೋ ಕಾಳಗದಲ್ಲಿ ಸೋತಿದ್ದ. ಗೆದ್ದ ಗಾರ್ಸಿಯಾಗೆ ಆ ಗೆಲುವು ದಕ್ಕಲಿಲ್ಲ. ನನ್ನ ಆಟದಲ್ಲೂ ದಕ್ಷಿಣದ ಸಾಮಂತರೇ ಮೊದಲು ಗುಂಪು ಕಟ್ಟಿದರು. ಯುದ್ಧ ಮಾಡಿ ಅವರನ್ನು ಬಗ್ಗುಬಡಿಯಬಹುದಿತ್ತು. ಆದರೆ ಹಾಗೆ ಸವೆದ ದಂಡನ್ನು ಕಂಡ ಅಣ್ಣ ಸುಮ್ಮನಿರುತ್ತಿರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬೇಹುಗಾರಿಕೆಯ ಮಂತ್ರಿಯನ್ನು ನನ್ನದೇ ಆಸ್ಥಾನದ ಗುಟ್ಟುಗಳನ್ನು ಹುಡುಕಲು ಹಚ್ಚಿದೆ. ಎರಡು ವರ್ಷದ ಮೇಲೆ, ಗುಂಪಿನ ಮುಖಂಡನೇ ಹಿಂದೊಮ್ಮೆ ತನ್ನ ನೆಂಟನೊಬ್ಬನನ್ನು ಕೊಲ್ಲಿಸಿದ್ದನೆಂಬ ಗುಟ್ಟು ಸಿಕ್ಕಿತು. ಅದನ್ನು ಹೊರಗೆಡಹದೆ ಇಟ್ಟುಕೊಂಡು ಅವನನ್ನು ಬೆದರಿಸಿದರೆ ಅವನ ಮೇಲೆ ನಮಗೊಂದು ‘ಕೊಕ್ಕೆ’, ಅಂದರೆ ಹಿಡಿತ, ಸಿಗುತ್ತದೆ. ಬಲವಾದ ಕೊಕ್ಕೆ ಸಿಕ್ಕಿಕೊಂಡವನು ನಮ್ಮ ವಿರುದ್ಧದ ಗುಂಪಿನಲ್ಲಿ ಇರಲಾರ. ಒಂದು ಹನಿ ರಕ್ತ ಬೀಳದೆ ಗುಂಪು ಚದುರಿತು. ಅಪರಾಧಿಗೆ ಶಿಕ್ಷೆ ಕೊಡದೆ ಅವನ ಅಪರಾಧವನ್ನೇ ಆಳುವ ಸಾಧನ ಮಾಡಿಕೊಂಡೆನಲ್ಲ ಎಂಬ ಅಳುಕು ನನಗೆ ಆ ದಿನವೆಲ್ಲ ಇತ್ತು. ನ್ಯಾಯವಂತ ಸ್ವಭಾವದ ದೊರೆಯಾಗಿದ್ದರೆ ಆಟ ಈ ಅಳುಕನ್ನು ‘ಮಾನಸಿಕ ಒತ್ತಡ’ವೆಂದು ಎಣಿಸಿ ಅವನ ಮೈಮನಸ್ಸನ್ನೇ ಹಣ್ಣು ಮಾಡುತ್ತದೆ. ಸ್ವಭಾವಕ್ಕೆ ವಿರುದ್ಧವಾಗಿ ನಡೆದರೆ ಬೆಲೆ ತೆರಬೇಕು ಎಂಬ ಈ ನಿಯಮ ನನಗೆ ಆಟದಲ್ಲೇ ಅತ್ಯಂತ ಮೆಚ್ಚುಗೆಯಾದದ್ದು.

1073ರಲ್ಲಿ ನನ್ನ ಮಾವನಾದ ಡ್ಯೂಕ್ ತೀರಿಕೊಂಡ. ಮೈತ್ರಿ ಇರುವುದು ಇಬ್ಬರು ವ್ಯಕ್ತಿಗಳ ನಡುವೆ, ಮನೆತನಗಳ ನಡುವೆ ಅಲ್ಲ. ಒಬ್ಬರು ಹೋದರೆ ಅದೂ ಹೋಯಿತು. ಬದಲಿ ಬೀಗರನ್ನು ಹುಡುಕಿಟ್ಟುಕೊಳ್ಳದೆ ಇದ್ದದ್ದು ನನ್ನದೇ ತಪ್ಪು. ನಾಲ್ಕೇ ತಿಂಗಳಲ್ಲಿ ಸಾಂಚೋ ಗಲೀಷಿಯಾದ ಕಿರೀಟದ ಮೇಲೆ ಹಕ್ಕು ಹೂಡಿ ಯುದ್ಧ ಸಾರಿದ. ಅವನದು ಎರಡೂವರೆ ಸಾವಿರಕ್ಕೂ ಮೀರಿದ ದಂಡು, ನನ್ನದು ಸಾವಿರದ ಆರುನೂರು. ಬಯಲಿನಲ್ಲಿ ಎದುರಾಗುವ ಮಾತೇ ಇರಲಿಲ್ಲ. ಎರಡು ಕೋಟೆಗಳು ಬೀಳುವುದನ್ನು ನೋಡುತ್ತ, ದಂಡನ್ನು ಬೆಟ್ಟಸಾಲಿನಲ್ಲಿ, ಮಿನ್ಯೋ ನದಿಯ ಈಚೆ ದಡದಲ್ಲಿ ನಿಲ್ಲಿಸಿದೆ. ಈ ಆಟದಲ್ಲಿ ಹೊಳೆ ದಾಟಿ ಬರುವವನಿಗೆ ಹಿನ್ನಡೆಯಿದೆ, ಬೆಟ್ಟದ ಮೇಲೆ ಕಾದು ನಿಂತವನಿಗೆ ಅನುಕೂಲವಿದೆ. ಜೊತೆಗೆ, ಒಂದು ಪ್ರದೇಶ ಸಾಕಬಲ್ಲದ್ದಕ್ಕಿಂತ ದೊಡ್ಡ ದಂಡು ಅಲ್ಲಿ ಬೀಡುಬಿಟ್ಟರೆ ಕೂಳಿಲ್ಲದೆ ತಾನಾಗಿಯೇ ಸವೆಯುತ್ತದೆ. ಚಳಿಗಾಲ ಕಳೆಯುವ ಹೊತ್ತಿಗೆ ಅವನ ಸಂಖ್ಯೆ ಎರಡು ಸಾವಿರಕ್ಕೆ ಇಳಿದಿತ್ತು. ಮಾರ್ಚ್ ತಿಂಗಳಲ್ಲಿ ಹೊಳೆ ದಾಟಿದ. ಆಟದ ವೇಗವನ್ನು ಅತಿ ಕಡಿಮೆಗೆ ಇಳಿಸಿ, ದಿನ ದಿನಕ್ಕೂ ಎರಡು ಅಂಕಿಗಳು ಇಳಿಯುವುದನ್ನು ನೋಡುತ್ತ ಕುಳಿತೆ. ಕೊನೆಗೆ ಅವನ ದಂಡು ಮುರಿದು ಓಡಿತು. ಅದರ ಬೆನ್ನಿಗೇ ಪರದೆಯ ಮೇಲೆ ಸುದ್ದಿ: ದಂಡನಾಯಕನಾಗಿ ತಾನೇ ಮುಂದೆ ನಿಂತಿದ್ದ ಸಾಂಚೋ ಸೆರೆಸಿಕ್ಕಿದ್ದಾನೆ. ಎದುರಾಳಿ ದೊರೆಯೇ ಕೈಗೆ ಸಿಕ್ಕರೆ ಗೆಲುವು ಯಾರ ಕಡೆಗಿದೆಯೆಂದು ತೋರಿಸುವ ಯುದ್ಧದ ಅಂಕ ಒಮ್ಮೆಲೇ ನೂರಕ್ಕೆ ಏರುತ್ತದೆ, ಯುದ್ಧ ಅಲ್ಲಿಗೆ ಮುಗಿಯುತ್ತದೆ. ಇತಿಹಾಸದಲ್ಲಿ ಸೆರೆಮನೆ ಸೇರಿದ ತಮ್ಮನ ಎದುರು ಅಣ್ಣ ಕೈದಿಯಾಗಿ ನಿಂತಿದ್ದ. ಅವನನ್ನು ಕೊಲ್ಲಲು ಆಟ ಅವಕಾಶ ಕೊಡುತ್ತದೆ. ಆದರೆ ಒಡಹುಟ್ಟಿದವನ ಕೊಲೆಯ ಕಳಂಕ ಎಲ್ಲರ ಕಣ್ಣಿನಲ್ಲೂ ದೊರೆಯನ್ನು ಕೀಳಾಗಿಸುತ್ತದೆ. ಬಿಡುಗಡೆಯ ಹಣ ಪಡೆದು ಕಳಿಸಿಕೊಟ್ಟೆ, ಆ ಹಣದಿಂದ ಬಿದ್ದ ಕೋಟೆಗಳನ್ನು ಬಲಪಡಿಸಿದೆ. ಯುದ್ಧದ ನಂತರ ಐದು ವರ್ಷದ ಕದನವಿರಾಮ ಹೇಗೂ ಇರುತ್ತದೆ.

ಆಟದ ಕೊರತೆಗಳನ್ನೂ ಹೇಳಬೇಕು. ಮೂಲ ಆಟವೊಂದನ್ನೇ ಕೊಂಡರೆ ಸ್ಪೇನಿನ ಚಿತ್ರ ಸ್ವಲ್ಪ ಬಡವಾಗಿಯೇ ಕಾಣುತ್ತದೆ. 2022ರ ಮೇ ತಿಂಗಳಲ್ಲಿ ಬಂದ ‘ಫೇಟ್ ಆಫ್ ಐಬೀರಿಯಾ’ ಎಂಬ ಸೇರ್ಪಡೆಯನ್ನು ಹಾಕಿಕೊಂಡಾಗಲೇ ಆ ನೆಲದ ದೀರ್ಘ ಸಂಘರ್ಷ, ಅವಕಾಶ, ಹಗೆತನ, ರಾಜಿ, ಸಂಧಾನ ಎಂಬ ಹಂತಗಳಲ್ಲಿ ಸಾಗಿ, ಎಲ್ಲ ಧರ್ಮಗಳ ದೊರೆಗಳ ನಡತೆಗೂ ಅರ್ಥ ಬರುತ್ತದೆ. ಹಾಗೆಯೇ, ರಾಜ್ಯ ಕಳೆದುಕೊಂಡ ಮೇಲೂ ಅಲೆಮಾರಿ ಸಾಹಸಿಯಾಗಿ ಆಟ ಮುಂದುವರಿಸುವ ಅವಕಾಶ, ಅಂದರೆ ಸೆವಿಲ್ಯಕ್ಕೆ ಓಡಿದ ನಿಜವಾದ ಗಾರ್ಸಿಯಾನ ಬಾಳು, ದೊರೆಯುವುದು 2024ರ ‘ರೋಡ್ಸ್ ಟು ಪವರ್’ ಸೇರ್ಪಡೆಯಲ್ಲಿ. ಎಲ್ಲವನ್ನೂ ಒಟ್ಟಿಗೆ ಕೊಳ್ಳುವುದು ದುಬಾರಿ. ಆಟಗಳನ್ನು ಮಾರುವ ಸ್ಟೀಮ್ ಜಾಲತಾಣದಲ್ಲಿ ರಿಯಾಯಿತಿ ಬರುವವರೆಗೆ ಕಾದು, ಮೊದಲು ಐಬೀರಿಯಾದ್ದನ್ನು ಮಾತ್ರ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಪಠ್ಯ ಬಹಳವಿದೆ, ಕನ್ನಡದಲ್ಲಿಲ್ಲ. ಆದರೂ ಕಠಿಣ ಪದದ ಮೇಲೆ ಮೌಸ್ ಇಟ್ಟರೆ ವಿವರಣೆ, ಆ ವಿವರಣೆಯೊಳಗಿನ ಪದದ ಮೇಲಿಟ್ಟರೆ ಮತ್ತೊಂದು ವಿವರಣೆ ತೆರೆಯುವ ಏರ್ಪಾಡು ಎಷ್ಟು ಅಚ್ಚುಕಟ್ಟಾಗಿದೆಯೆಂದರೆ, ತಾಳ್ಮೆಯಿರುವವರು ಪುಸ್ತಕ ನೋಡದೆಯೇ ಕಲಿತುಬಿಡುತ್ತಾರೆ. ಇವೆಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯಿದೆ. ಮೂರು ತಲೆಮಾರು ಉಳಿದುಕೊಂಡವರಿಗೆ ಆಮೇಲೆ ಎದುರಾಳಿಗಳೇ ಇರುವುದಿಲ್ಲ. ಆಟ 1453ರವರೆಗೆ ನಡೆಯುತ್ತದೆ, ಆದರೆ ನನ್ನ ಮಟ್ಟಿಗೆ ಅದರ ಸ್ವಾರಸ್ಯ ಮೊದಲ ಐವತ್ತು-ಅರವತ್ತು ವರ್ಷಗಳಲ್ಲೇ ಇದೆ. ನಕ್ಷೆಯ ಅರ್ಧಕ್ಕೆ ಒಂದೇ ಬಣ್ಣ ಬಳಿಯುವ ಆಸೆಯಿಂದ ಇದನ್ನು ಕೊಳ್ಳಬೇಡಿ.

ನಕ್ಷೆಯಲ್ಲಿ ಭಾರತವೂ ಇದೆ ಎಂಬುದು ನಮ್ಮವರಿಗೆ ಹೆಚ್ಚಿನ ಆಕರ್ಷಣೆ. 1066ರಲ್ಲಿ ಕಲ್ಯಾಣದಿಂದ ಆಳುತ್ತಿದ್ದವನು ಚಾಲುಕ್ಯ ಒಂದನೆಯ ಸೋಮೇಶ್ವರ. ಅವನು 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಪ್ರಾಣ ಬಿಟ್ಟ ಮೇಲೆ, ಮಕ್ಕಳಾದ ಎರಡನೆಯ ಸೋಮೇಶ್ವರ ಮತ್ತು ವಿಕ್ರಮಾದಿತ್ಯರ ನಡುವೆ ನಡೆದದ್ದೂ ಅಣ್ಣತಮ್ಮಂದಿರ ಜಗಳವೇ. ಅಲ್ಲಿ ಕಿರಿಯವನಾದ ವಿಕ್ರಮಾದಿತ್ಯ ಚೋಳ ವೀರರಾಜೇಂದ್ರನ ಮಗಳನ್ನು ಮದುವೆಯಾಗಿ ಬೆಂಬಲ ಗಳಿಸಿಕೊಂಡು, 1076ರಲ್ಲಿ ಅಣ್ಣನನ್ನು ಇಳಿಸಿ ಪಟ್ಟವೇರಿದ. ಗಾರ್ಸಿಯಾಗೆ ಇಲ್ಲದೆ ಹೋದದ್ದು ಅಂಥದೊಂದು ಬೀಗತನವೇ ಎಂದು ಈಗ ನನಗನಿಸುತ್ತದೆ. ನಿಜವಾದ ಗಾರ್ಸಿಯಾ ಮದುವೆಯನ್ನೇ ಆಗಿರಲಿಲ್ಲ.

ನನ್ನ ಗಾರ್ಸಿಯಾ 1099ರಲ್ಲಿ ಹಾಸಿಗೆಯ ಮೇಲೆ, ದೊರೆಯಾಗಿಯೇ ತೀರಿಕೊಂಡ. ಅವನಿಗೆ ಮೂವರು ಗಂಡುಮಕ್ಕಳಿದ್ದರು. ಹಿರಿಯನೊಬ್ಬನಿಗೇ ಎಲ್ಲವನ್ನೂ ಕೊಡುವ ಕಾಯ್ದೆ ಆಟದಲ್ಲಿ ಬಹುಕಾಲದ ನಂತರವಷ್ಟೇ ದೊರೆಯುತ್ತದೆ. ಕಿರಿಯರನ್ನು ವಾರಸುದಾರಿಕೆಯಿಂದ ಹೊರಗಿಡಲು ಮನೆತನದ ಕೀರ್ತಿಯನ್ನು ತೆರಬೇಕಾಗಿತ್ತು, ಅಷ್ಟು ನಾನು ಕೂಡಿಟ್ಟಿರಲಿಲ್ಲ. ಈಗ ನಾನು ಹಿರಿಯವನು. ಪೋರ್ಚುಗಲ್ಲನ್ನು ಪಾಲಾಗಿ ಪಡೆದ ತಮ್ಮ ದಕ್ಷಿಣ ಫ್ರಾನ್ಸಿನಿಂದ ಹೆಣ್ಣು ತರುತ್ತಿದ್ದಾನೆ ಎಂಬ ಸುದ್ದಿ ನಿನ್ನೆ ರಾತ್ರಿ ಬಂದಿದೆ. ಅಲ್ಲಿಗೆ ಆಟ ನಿಲ್ಲಿಸಿದ್ದೇನೆ.